ನೂರಕ್ಕೆ ಐವತ್ನಾಲ್ಕು

2024ರ ಜೂನ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಘಟಿಕೋತ್ಸವಕ್ಕೆ ಅತಿಥಿಯಾಗಿ ಹೋಗಿದ್ದ ರೋಜರ್ ಫೆಡರರ್ ವಿದ್ಯಾರ್ಥಿಗಳ ಮುಂದೆ ಒಂದು ಲೆಕ್ಕ ಇಟ್ಟರು. ಅವರು ಆಡಿದ ಸಿಂಗಲ್ಸ್ ಪಂದ್ಯಗಳು 1,526. ಅದರಲ್ಲಿ ಗೆದ್ದದ್ದು ಹೆಚ್ಚುಕಡಿಮೆ ಶೇ 80. ಆದರೆ ಆಡಿದ ಒಟ್ಟು ಪಾಯಿಂಟ್‌ಗಳಲ್ಲಿ ಗೆದ್ದದ್ದು ಶೇ 54 ಮಾತ್ರ. 20 ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ, ಅಗ್ರಸ್ಥಾನದಲ್ಲಿ 310 ವಾರ, ಇಷ್ಟೆಲ್ಲ ನಿಂತಿದ್ದು 54 ಮತ್ತು 46ರ ನಡುವಿನ ಆ ಸಣ್ಣ ಅಂತರದ ಮೇಲೆ.

ಟೆನಿಸ್‌ನ ಅಂಕಪದ್ಧತಿಯೇ ಅಂಥದ್ದು. ಕ್ರಿಕೆಟ್‌ನಲ್ಲಿ ಮೊದಲ ಓವರಿನ ರನ್ನೂ ಕೊನೆಯ ಓವರಿನ ರನ್ನೂ ಮೊತ್ತಕ್ಕೆ ಒಂದೇ. ಟೆನಿಸ್‌ನಲ್ಲಿ 40–0 ಇದ್ದಾಗ ಬಿಟ್ಟ ಪಾಯಿಂಟ್‌ಗೂ 30–40 ಇದ್ದಾಗ ಬಿಟ್ಟ ಪಾಯಿಂಟ್‌ಗೂ ಅಜಗಜಾಂತರ. ಗೇಮ್ ಮುಗಿದರೆ ಹಿಂದಿನ ಲೆಕ್ಕ ಅಳಿಸಿಹೋಗುತ್ತದೆ, ಸೆಟ್ ಮುಗಿದರೆ ಮತ್ತೊಮ್ಮೆ. ಸುಮಾರು 200 ಪಾಯಿಂಟ್‌ಗಳ ಒಂದು ಪಂದ್ಯದಲ್ಲಿ ನೂರಕ್ಕೆ 54 ಗೆಲ್ಲುವ ಆಟಗಾರ 108–92ರಿಂದ ಮುಂದಿರುತ್ತಾನೆ. ಅವನ ಪಾಲು 52ಕ್ಕೆ ಇಳಿದರೆ ಅದು 104–96 ಆಗುತ್ತದೆ. ಕೈತಪ್ಪಿದ್ದು ನಾಲ್ಕೇ ಪಾಯಿಂಟ್. ಅವು ಬ್ರೇಕ್ ಪಾಯಿಂಟ್‌ಗಳೋ (ಎದುರಾಳಿಯ ಸರ್ವ್‌ನ ಗೇಮನ್ನು ಕಸಿಯುವ ಪಾಯಿಂಟ್) ಟೈಬ್ರೇಕರ್‌ನ ಪಾಯಿಂಟ್‌ಗಳೋ ಆಗಿಬಿಟ್ಟರೆ ಪಂದ್ಯವೇ ಕೈಬಿಟ್ಟಂತೆ.

ದೊಡ್ಡ ಚಾಂಪಿಯನ್ನರ ಇಳಿಗಾಲವನ್ನು ಜನ ಪತನ ಎನ್ನುತ್ತಾರೆ. ಪತ್ರಿಕೆಗಳ ಶೀರ್ಷಿಕೆಗಳಿಗೂ ಆ ಪದ ಇಷ್ಟ. ದಾಖಲೆಗಳನ್ನು ಬಿಡಿಸಿ ನೋಡಿದರೆ ಅಲ್ಲಿ ಕಾಣುವುದು ಬೇರೆಯೇ. ಹೊಡೆತಗಳು ಹಾಗೇ ಇರುತ್ತವೆ, ಸರ್ವ್‌ನ ವೇಗ ಹಾಗೇ ಇರುತ್ತದೆ, ದೊಡ್ಡ ಪ್ರಶಸ್ತಿಗಳೂ ಆಗಾಗ ಬರುತ್ತಿರುತ್ತವೆ. ಹೋಗಿರುವುದು ಆ ಒಂದೆರಡು ಶೇಕಡಾ ಮಾತ್ರ. ಅದು ಹೋಗಿದೆ ಎಂದು ಮೊದಲು ಗೊತ್ತಾಗುವುದು ಎದುರಾಳಿಗೆ, ಆಮೇಲೆ ಆಟಗಾರನಿಗೆ. ಪ್ರೇಕ್ಷಕರಿಗೆ ಎಲ್ಲಕ್ಕಿಂತ ಕೊನೆಗೆ.

ಫೆಡರರ್ ಅವರ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2006ರಲ್ಲಿ ಅವರು ಗೆದ್ದ ಪಂದ್ಯಗಳು 92, ಸೋತದ್ದು ಐದು. ಆ ಐದರಲ್ಲಿ ನಾಲ್ಕು ಸೋಲು ರಫೆಲ್ ನಡಾಲ್ ಎದುರು, ಒಂದು ಸಿನ್ಸಿನಾಟಿಯಲ್ಲಿ ಹದಿಹರೆಯದ ಆ್ಯಂಡಿ ಮರ್ರೆ ಎದುರು. ಉಳಿದವರ್ಯಾರೂ ಇಡೀ ವರ್ಷ ಅವರನ್ನು ಮುಟ್ಟಲಾಗಲಿಲ್ಲ. 2007ರ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್‌ಗೆ ಬಂದಾಗ ಸತತ 41 ಪಂದ್ಯ ಗೆದ್ದಿದ್ದರು. ಅಲ್ಲಿ ಎದುರಾದವರು ಅರ್ಜೆಂಟೀನಾದ ಗಿಲೆರ್ಮೊ ಕನ್ಯಾಸ್. ಉದ್ದೀಪನ ಮದ್ದು ಪ್ರಕರಣದ ನಿಷೇಧ ಮುಗಿಸಿ ಬಂದವರು, ಅರ್ಹತಾ ಸುತ್ತಿನಲ್ಲೇ ಸೋತು, ಬೇರೊಬ್ಬರು ಹಿಂದೆ ಸರಿದ ಕಾರಣ ಮುಖ್ಯ ಸುತ್ತಿಗೆ ಬಂದವರು. ಕನ್ಯಾಸ್ ಗೆದ್ದರು. ಆಕಸ್ಮಿಕ ಎಂದು ಎಲ್ಲರೂ ಸುಮ್ಮನಾದರು. ಕೆಲವೇ ದಿನಗಳಲ್ಲಿ ಮಯಾಮಿಯಲ್ಲಿ ಅದೇ ಕನ್ಯಾಸ್ ಮತ್ತೆ ಗೆದ್ದರು. ಮೇ ತಿಂಗಳಲ್ಲಿ ರೋಮ್‌ನ ಆವೆಮಣ್ಣಿನ ಅಂಕಣದಲ್ಲಿ ಇಟಲಿಯ ಫಿಲಿಪೊ ವೊಲಾಂಡ್ರಿ ಗೆದ್ದರು.

ಆ ವರ್ಷ ಫೆಡರರ್ ಮೂರು ಗ್ರ್ಯಾನ್‌ಸ್ಲಾಮ್ ಗೆದ್ದದ್ದರಿಂದ ಈ ಸೋಲುಗಳ ಮೇಲೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಿರುಕು ಮೊದಲು ಕಾಣಿಸುವುದು ಇಂಥಲ್ಲೇ: ದೊಡ್ಡ ಫೈನಲ್‌ಗಳಲ್ಲಿ ಅಲ್ಲ, ಮಾರ್ಚ್‌ನಿಂದ ಮೇವರೆಗಿನ ಆರಂಭದ ಸುತ್ತುಗಳಲ್ಲಿ. ಫೈನಲ್‌ಗೆ ಚಾಂಪಿಯನ್ ತನ್ನೆಲ್ಲ ಗಮನವನ್ನೂ ಒಟ್ಟುಗೂಡಿಸಿ ತರಬಲ್ಲ. ಮಂಗಳವಾರ ಮಧ್ಯಾಹ್ನದ ಅರ್ಧ ತುಂಬಿದ ಕ್ರೀಡಾಂಗಣಕ್ಕೆ ಅಷ್ಟನ್ನೂ ತರಲು ಮೊದಲಿನ ಕಸುವು ಬೇಕು. ಹಿಂದೆ ಶೇ 70ರಷ್ಟು ಆಡಿದರೂ ಗೆಲ್ಲುತ್ತಿದ್ದವನಿಗೆ ಈಗ 90 ಬೇಕಾಗುತ್ತದೆ.

2007ರ ಕೊನೆಗೆ ಗೆಲುವು–ಸೋಲಿನ ಲೆಕ್ಕ 68–9. 2008ಕ್ಕೆ 66–15. ಆ ವರ್ಷದ ಆಸ್ಟ್ರೇಲಿಯಾ ಓಪನ್ ಸೆಮಿಫೈನಲ್‌ನಲ್ಲಿ ನೊವಾಕ್ ಜೊಕೊವಿಚ್ ನೇರ ಸೆಟ್‌ಗಳಿಂದ ಗೆದ್ದು, ಫೆಡರರ್ ಅವರ ಸತತ ಹತ್ತು ಗ್ರ್ಯಾನ್‌ಸ್ಲಾಮ್ ಫೈನಲ್‌ಗಳ ಸರಣಿಯನ್ನು ಕಡಿದರು. ಫೆಡರರ್ ಅವರಿಗೆ ಗ್ರಂಥಿ ಜ್ವರ ಇದ್ದದ್ದು ಆಮೇಲೆ ಗೊತ್ತಾಯಿತು. ಸೋತ ಮೇಲೆ ಪತ್ರಕರ್ತರಿಗೆ ಅವರು ಹೇಳಿದ್ದರ ಸಾರ ಇಷ್ಟು: ಎಲ್ಲ ಟೂರ್ನಿಗಳನ್ನೂ ಗೆಲ್ಲಲೇಬೇಕು ಎಂಬ ರಾಕ್ಷಸನನ್ನು ತಾನೇ ಸೃಷ್ಟಿಸಿಕೊಂಡಿದ್ದೇನೆ. ಸೆಮಿಫೈನಲ್ ತಲುಪಿದ ಆಟಗಾರ ಯಾಕೆ ಸೋತ ಎಂಬುದಕ್ಕೆ ಜಗತ್ತಿಗೇ ಕಾರಣ ಕೊಡಬೇಕಾದ ಸ್ಥಿತಿ ಅದು. ಬೇರೆ ಯಾವ ಆಟಗಾರನಿಗೂ ಸೆಮಿಫೈನಲ್ ಸೋಲು ಅವಮಾನವಲ್ಲ.

ಕಾಯಿಲೆ ವಾಸಿಯಾಯಿತು, ನಡಾಲ್ ವಾಸಿಯಾಗಲಿಲ್ಲ ಎನ್ನಬೇಕು. ಎಡಗೈ ಆಟಗಾರ ನಡಾಲ್ ಅವರ ಫೋರ್‌ಹ್ಯಾಂಡ್ ವಿಪರೀತ ಟಾಪ್‌ಸ್ಪಿನ್ ಹೊತ್ತು ಅಂಕಣದ ಅಡ್ಡಕ್ಕೆ ಬಂದು ಪುಟಿದರೆ ಬಲಗೈ ಆಟಗಾರನ ಬ್ಯಾಕ್‌ಹ್ಯಾಂಡ್ ಬದಿಯಲ್ಲಿ ಭುಜದ ಎತ್ತರಕ್ಕೆ ಏಳುತ್ತದೆ. ಎರಡು ಕೈಯಲ್ಲಿ ರ‍್ಯಾಕೆಟ್ ಹಿಡಿದು ಬ್ಯಾಕ್‌ಹ್ಯಾಂಡ್ ಆಡುವವರಿಗೆ ಅದನ್ನು ಒತ್ತಿ ಹೊಡೆಯಲು ಇನ್ನೊಂದು ಕೈಯ ಬಲವಿರುತ್ತದೆ. ಫೆಡರರ್ ಅವರದು ಒಂಟಿಗೈ ಬ್ಯಾಕ್‌ಹ್ಯಾಂಡ್. ಆ ಎತ್ತರದಲ್ಲಿ ಅದಕ್ಕೆ ಬಲವಿಲ್ಲ. ನಡಾಲ್ ಬೇರೆ ಯೋಚನೆಯೇ ಮಾಡದೆ ವರ್ಷಾನುಗಟ್ಟಲೆ ಅದೊಂದೇ ಜಾಗಕ್ಕೆ ಚೆಂಡು ಕಳಿಸಿದರು. ಬ್ರೇಕ್ ಪಾಯಿಂಟ್ ಎದುರಾದಾಗಲಂತೂ ಎಡಗೈ ಸರ್ವ್ ಕೂಡ ಅಲ್ಲಿಗೇ ಹೋಗುತ್ತಿತ್ತು. 2007ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಫೆಡರರ್ ಅವರಿಗೆ ಸಿಕ್ಕ ಬ್ರೇಕ್ ಪಾಯಿಂಟ್ 17, ದಕ್ಕಿದ್ದು ಒಂದು.

2008ರ ವಿಂಬಲ್ಡನ್ ಫೈನಲ್‌ನಲ್ಲೂ ಅದೇ ಕಥೆ. 13 ಬ್ರೇಕ್ ಪಾಯಿಂಟ್, ದಕ್ಕಿದ್ದು ಒಂದೇ. ಮಳೆಯಿಂದ ನಿಂತು ನಿಂತು ಸಾಗಿದ, 4 ಗಂಟೆ 48 ನಿಮಿಷದ ಆ ಪಂದ್ಯದಲ್ಲಿ ಮೊದಲೆರಡು ಸೆಟ್ ಸೋತು, ನಂತರದ ಎರಡನ್ನೂ ಟೈಬ್ರೇಕರ್‌ನಲ್ಲಿ ಗೆದ್ದು, ಕತ್ತಲು ಕವಿಯುವ ಹೊತ್ತಿಗೆ ಐದನೇ ಸೆಟ್‌ನಲ್ಲಿ 7–9ರಿಂದ ಫೆಡರರ್ ಸೋತರು. ಹುಲ್ಲಿನ ಅಂಕಣದಲ್ಲಿ ಸತತ 65 ಪಂದ್ಯ ಗೆದ್ದಿದ್ದ ಓಟ ಅಲ್ಲಿಗೆ ನಿಂತಿತು. ನಡಾಲ್ ಗೆದ್ದ ಪಾಯಿಂಟ್‌ಗಳು 209, ಫೆಡರರ್ ಗೆದ್ದದ್ದು 204. ಆಗಸ್ಟ್‌ನಲ್ಲಿ 237 ವಾರಗಳಿಂದ ಕೈಬಿಡದಿದ್ದ ಅಗ್ರಸ್ಥಾನವೂ ನಡಾಲ್ ಪಾಲಾಯಿತು. ಅಷ್ಟು ದೊಡ್ಡ ಸಾಮ್ರಾಜ್ಯದ ಗಡಿ ಅಳಿಸಿಹೋದ ದಿನ ಇಬ್ಬರ ನಡುವೆ ಇದ್ದದ್ದು ಐದು ಪಾಯಿಂಟ್.

ಇದಾದ ಮೇಲೆ ಬದಲಾದದ್ದು ಉಳಿದವರ ಕಣ್ಣು. ಚಾಂಪಿಯನ್ನನ ಎದುರು ಆಡುವವನು ಎರಡು ಪಂದ್ಯ ಆಡಬೇಕಾಗುತ್ತದೆ: ಒಂದು ಅವನ ಆಟದೊಂದಿಗೆ, ಇನ್ನೊಂದು ಅವನ ಹೆಸರಿನೊಂದಿಗೆ. ಹೆಸರಿನ ಭಯ ಇರುವಷ್ಟು ದಿನ ಎದುರಾಳಿ 5–4 ಮುಂದಿದ್ದಾಗ ಕೈ ಬಿಗಿ ಹಿಡಿಯುತ್ತಾನೆ, ಎರಡನೇ ಸರ್ವ್ ನೆಟ್ಟಿಗೆ ಹೊಡೆಯುತ್ತಾನೆ, ಆಗದ ಕೋನಕ್ಕೆ ಚೆಂಡು ಕಳಿಸಲು ಹೋಗಿ ಹೊರಗೆ ಹಾಕುತ್ತಾನೆ. ಚಾಂಪಿಯನ್ನನ ಶೇ 54ರಲ್ಲಿ ಹೀಗೆ ಬಿಟ್ಟಿ ಸಿಕ್ಕ ಪಾಯಿಂಟ್‌ಗಳೂ ಸೇರಿರುತ್ತವೆ. ಒಮ್ಮೆ ಯಾರೋ ಸೋಲಿಸಿದ್ದನ್ನು ನೋಡಿದ ಮೇಲೆ ಆ ಕಾಣಿಕೆ ನಿಲ್ಲುತ್ತದೆ.

2010ರ ಫ್ರೆಂಚ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವೀಡನ್ನಿನ ರಾಬಿನ್ ಸೋಡರ್ಲಿಂಗ್ ಗೆದ್ದಾಗ ಫೆಡರರ್ ಅವರ ಸತತ 23 ಗ್ರ್ಯಾನ್‌ಸ್ಲಾಮ್ ಸೆಮಿಫೈನಲ್‌ಗಳ ದಾಖಲೆ ಮುರಿಯಿತು. ತಿಂಗಳೊಪ್ಪತ್ತಿನಲ್ಲೇ ವಿಂಬಲ್ಡನ್‌ನಲ್ಲಿ ಥಾಮಸ್ ಬರ್ಡಿಕ್ ಅದನ್ನೇ ಮಾಡಿದರು. 2011ರ ವಿಂಬಲ್ಡನ್‌ನಲ್ಲಿ ಜೋ-ವಿಲ್‌ಫ್ರೀಡ್ ಸೋಂಗಾ ಎರಡು ಸೆಟ್ ಹಿಂದಿದ್ದು ಗೆದ್ದರು. ಗ್ರ್ಯಾನ್‌ಸ್ಲಾಮ್‌ನಲ್ಲಿ ಎರಡು ಸೆಟ್ ಮುನ್ನಡೆ ಪಡೆದು ಫೆಡರರ್ ಸೋತದ್ದು ಅದೇ ಮೊದಲು. ಅದೇ ವರ್ಷದ ಅಮೆರಿಕ ಓಪನ್ ಸೆಮಿಫೈನಲ್‌ನ ಐದನೇ ಸೆಟ್‌ನಲ್ಲಿ 5–3, 40–15 ಮುನ್ನಡೆ. ಸರ್ವ್ ಫೆಡರರ್ ಅವರದೇ. ಜೊಕೊವಿಚ್ ಮೊದಲ ಮ್ಯಾಚ್ ಪಾಯಿಂಟ್‌ನಲ್ಲಿ ಕಣ್ಣುಮುಚ್ಚಿ ಬೀಸಿದಂತೆ ಫೋರ್‌ಹ್ಯಾಂಡ್ ರಿಟರ್ನ್ ಹೊಡೆದು, ಚೆಂಡನ್ನು ಗೆರೆಯ ಬಳಿ ಬೀಳಿಸಿ, ಪಂದ್ಯವನ್ನೇ ತಿರುಗಿಸಿಬಿಟ್ಟರು. 2006ರಲ್ಲಿ ಆ ಪಾಯಿಂಟ್‌ನಲ್ಲಿ ಆ ಹೊಡೆತಕ್ಕೆ ಕೈಹಾಕುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ ಎಂದೇ ಹೇಳಬೇಕು.

ಬೆನ್ನಟ್ಟುವವರು ಪಡುವ ಪಾಡನ್ನೂ ಇಲ್ಲಿ ನೆನೆಯಬೇಕು. ಮೇಲಿರುವವನಿಗೆ ಸೋಲಿಸಲು ನೂರು ಜನ, ಕೆಳಗಿರುವವನಿಗೆ ಗುರಿ ಒಬ್ಬನೇ. 1984ರಲ್ಲಿ ಜಾನ್ ಮೆಕೆನ್ರೊ 82 ಪಂದ್ಯ ಗೆದ್ದು ಮೂರೇ ಮೂರು ಸೋತರು. ಟೆನಿಸ್ ಇತಿಹಾಸದಲ್ಲೇ ಅಂಥ ವರ್ಷ ಅಪರೂಪ. ವಿಂಬಲ್ಡನ್ ಫೈನಲ್‌ನಲ್ಲಿ ಜಿಮ್ಮಿ ಕಾನರ್ಸ್ ಅವರಿಗೆ ಬಿಟ್ಟುಕೊಟ್ಟದ್ದು ನಾಲ್ಕು ಗೇಮ್. ಆದರೆ ಆ ಮೂರು ಸೋಲುಗಳಲ್ಲಿ ಒಂದು ಫ್ರೆಂಚ್ ಓಪನ್ ಫೈನಲ್. ಎರಡು ಸೆಟ್ ಮುಂದಿದ್ದ ಮೆಕೆನ್ರೊ, ಛಾಯಾಗ್ರಾಹಕರ ಸದ್ದಿಗೆ ರೇಗಿ, ಲಯ ತಪ್ಪಿ, ಇವಾನ್ ಲೆಂಡ್ಲ್‌ಗೆ ಸೋತರು. ಅಲ್ಲಿಯವರೆಗೆ ದೊಡ್ಡ ಫೈನಲ್‌ಗಳಲ್ಲಿ ಕೈಚೆಲ್ಲುವವನೆಂದು ಹೆಸರಾಗಿದ್ದ ಲೆಂಡ್ಲ್, ಆಹಾರದಿಂದ ವ್ಯಾಯಾಮದವರೆಗೆ ದಿನಚರಿಯನ್ನೇ ಬದಲಿಸಿಕೊಂಡರು. ಮುಂದೆ ಅಮೆರಿಕ ಓಪನ್‌ಗೆ ಅಂಕಣ ಹಾಸಿದ ಕೆಲಸಗಾರರನ್ನೇ ಕರೆಸಿ ಮನೆಯಂಗಳದಲ್ಲಿ ಅಂಥದೇ ಅಂಕಣ ಮಾಡಿಸಿಕೊಂಡರು. 1985ರ ಅಮೆರಿಕ ಓಪನ್ ಫೈನಲ್‌ನಲ್ಲಿ ಮೆಕೆನ್ರೊ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಅಗ್ರಸ್ಥಾನಕ್ಕೇರಿದರು. 25ನೇ ವಯಸ್ಸಿಗೆ ಶಿಖರದಲ್ಲಿದ್ದ ಮೆಕೆನ್ರೊ ಮತ್ತೆಂದೂ ಸಿಂಗಲ್ಸ್ ಗ್ರ್ಯಾನ್‌ಸ್ಲಾಮ್ ಗೆಲ್ಲಲಿಲ್ಲ. ಅವರ ಕೈಚಳಕ ಎಲ್ಲಿಗೂ ಹೋಗಿರಲಿಲ್ಲ. ಆಟವೇ ಬಲದ ಕಡೆಗೆ, ದೈಹಿಕ ಸಾಮರ್ಥ್ಯದ ಕಡೆಗೆ ಹೊರಳಿತ್ತು, ಅವರು ಹೊರಳಲಿಲ್ಲ.

ಹಸಿವು ಇಂಗುವುದು ಇನ್ನೊಂದು ಬಗೆ. ಅದನ್ನು ಅಂಕಿಗಳಲ್ಲಿ ಹಿಡಿಯುವುದು ಕಷ್ಟ. ವಿಂಬಲ್ಡನ್‌ನಲ್ಲಿ 1976ರಿಂದ ಸತತ ಐದು ಬಾರಿ ಗೆದ್ದ ಬ್ಯೋರ್ನ್ ಬೋರ್ಗ್ 1981ರಲ್ಲಿ ಅಲ್ಲಿನ ಫೈನಲ್ ಸೋತರು, ಅದೇ ವರ್ಷ ಅಮೆರಿಕ ಓಪನ್ ಫೈನಲನ್ನೂ ಸೋತರು. ಎರಡರಲ್ಲೂ ಗೆದ್ದವರು ಮೆಕೆನ್ರೊ. ನ್ಯೂಯಾರ್ಕ್‌ನಲ್ಲಿ ಬಹುಮಾನ ವಿತರಣೆಗೂ ಕಾಯದೆ ಬೋರ್ಗ್ ಹೊರಟುಹೋದರು. 1983ರ ಜನವರಿಯಲ್ಲಿ 26ನೇ ವಯಸ್ಸಿಗೆ ನಿವೃತ್ತಿ ಘೋಷಿಸಿದಾಗ ಅವರ ಸರ್ವ್ ಕೆಟ್ಟಿರಲಿಲ್ಲ, ಕಾಲು ಸೋತಿರಲಿಲ್ಲ. ಬಾಲ್ಯದಿಂದ ಬೇರೇನನ್ನೂ ಮಾಡದೆ ಆಡಿದವನಿಗೆ ಆಟ ಸಾಕಾಗಿತ್ತು. (2023ರ ಫೆಬ್ರುವರಿಯಲ್ಲಿ ಮಗ ಲಿಯೊ ಬೆಂಗಳೂರು ಓಪನ್‌ನಲ್ಲಿ ಆಡಲು ಬಂದಾಗ ಬೋರ್ಗ್ ಕಬ್ಬನ್ ಉದ್ಯಾನದ ಕೆಎಸ್‌ಎಲ್‌ಟಿಎ ಅಂಕಣಕ್ಕೆ ಬಂದಿದ್ದರು. ಎಪ್ಪತ್ತರ ದಶಕದಲ್ಲಿ ಅವರ ಚಿತ್ರಗಳನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದ ಪೀಳಿಗೆಗೆ ಅದು ಸಣ್ಣ ಸಂಗತಿಯಲ್ಲ.)

ಬೋರ್ಗ್ ನಾಡಿನವರೇ ಆದ ಮ್ಯಾಟ್ಸ್ ವಿಲಾಂಡರ್ ಕಥೆ ಭಾರತೀಯರಿಗೆ ಇನ್ನೂ ಹತ್ತಿರದ್ದು. 1988ರಲ್ಲಿ ಅವರು ನಾಲ್ಕರಲ್ಲಿ ಮೂರು ಗ್ರ್ಯಾನ್‌ಸ್ಲಾಮ್ ಗೆದ್ದರು. ಅಮೆರಿಕ ಓಪನ್ ಫೈನಲ್‌ನಲ್ಲಿ ಸುಮಾರು ಐದು ಗಂಟೆ ಹೋರಾಡಿ ಲೆಂಡ್ಲ್ ಕೈಯಿಂದ ಪ್ರಶಸ್ತಿಯನ್ನೂ ಅಗ್ರಸ್ಥಾನವನ್ನೂ ಕಸಿದುಕೊಂಡರು. ಆಗ ಅವರಿಗೆ 24 ವರ್ಷ. ನಾಲ್ಕು ತಿಂಗಳ ನಂತರ, 1989ರ ಜನವರಿಯಲ್ಲಿ, ಮೆಲ್ಬರ್ನ್‌ನಲ್ಲಿ ಹಾಲಿ ಚಾಂಪಿಯನ್ ಆಗಿ, ವಿಶ್ವದ ಅಗ್ರಮಾನ್ಯ ಆಟಗಾರನಾಗಿ ಎರಡನೇ ಸುತ್ತಿಗೆ ಇಳಿದ ವಿಲಾಂಡರ್ ಅವರನ್ನು ನಮ್ಮ ರಮೇಶ್ ಕೃಷ್ಣನ್ ನೇರ ಸೆಟ್‌ಗಳಿಂದ ಮಣಿಸಿದರು. ಅಬ್ಬರದ ಸರ್ವ್ ಇಲ್ಲದ, ಮೃದುವಾದ ಕೈಗಳ, ಚೆಂಡನ್ನು ಬೇಗ ಎತ್ತಿಕೊಂಡು ಎದುರಾಳಿಯ ಸಮಯ ಕದಿಯುವ ಆಟ ರಮೇಶ್ ಅವರದು. ಆ ಗೆಲುವು ಭಾರತೀಯ ಟೆನಿಸ್‌ನ ಅತ್ಯುತ್ತಮ ದಿನಗಳಲ್ಲೊಂದು. ಎದುರಾಳಿ ಆಡಲಿಲ್ಲ ಎಂದು ಅದನ್ನು ಕಿರಿದು ಮಾಡಬಾರದು. ಆದರೆ ಇನ್ನೊಂದು ಸತ್ಯವೂ ಇದೆ. ವರ್ಷಾನುಗಟ್ಟಲೆ ಬೆನ್ನಟ್ಟಿದ ಅಗ್ರಸ್ಥಾನ ಕೈಗೆ ಸಿಕ್ಕ ಮೇಲೆ ವಿಲಾಂಡರ್‌ಗೆ ಮುಂದೆ ಓಡಲು ಗುರಿ ಉಳಿದಿರಲಿಲ್ಲ. ಇಪ್ಪತ್ತು ವಾರಕ್ಕೆ ಅದು ಕೈಬಿಟ್ಟಿತು. ಇನ್ನೊಂದು ಗ್ರ್ಯಾನ್‌ಸ್ಲಾಮ್ ಅವರಿಗೆ ಬರಲಿಲ್ಲ.

ಆಟಗಾರ ಹಾಗೇ ಇದ್ದು ಕಾಲಡಿಯ ನೆಲವೇ ಬದಲಾಗುವುದೂ ಉಂಟು. ಪೀಟ್ ಸಾಂಪ್ರಸ್ 1993ರಿಂದ 1998ರವರೆಗೆ ಸತತ ಆರು ವರ್ಷ ಅಗ್ರಸ್ಥಾನದಲ್ಲಿ ವರ್ಷ ಮುಗಿಸಿದವರು. ಸರ್ವ್ ಮಾಡಿ ನೆಟ್ಟಿಗೆ ನುಗ್ಗುವ ಆಟ, 85 ಚದರ ಅಂಗುಲದ ಪುಟ್ಟ ರ‍್ಯಾಕೆಟ್, ಕರುಳಿನ ತಂತಿ. 1997ರಲ್ಲಿ ಗುಸ್ಟಾವೊ ಕ್ಯುರ್ಟನ್ ಪಾಲಿಯೆಸ್ಟರ್ ತಂತಿ ಕಟ್ಟಿದ ರ‍್ಯಾಕೆಟ್ ಹಿಡಿದು ಫ್ರೆಂಚ್ ಓಪನ್ ಗೆದ್ದ ಮೇಲೆ ಒಬ್ಬೊಬ್ಬರಾಗಿ ಆಟಗಾರರು ಆ ಕಡೆ ಹೊರಳಿದರು. ಆ ತಂತಿಯಲ್ಲಿ ಎಷ್ಟು ಬಲವಾಗಿ ಬೀಸಿದರೂ ಚೆಂಡು ಸುತ್ತಿ ಒಳಗೇ ಇಳಿಯುತ್ತದೆ. ನೆಟ್ ಬಳಿ ನಿಂತವನ ಕಾಲಡಿಗೆ ಚೆಂಡು ಇಳಿಸುವುದು ಸುಲಭವಾಯಿತು. 2001ರಲ್ಲಿ ವಿಂಬಲ್ಡನ್ ತನ್ನ ಹುಲ್ಲಿನ ತಳಿಯನ್ನೇ ಬದಲಿಸಿ ಪೂರ್ತಿ ರೈ ಹುಲ್ಲು ಬೆಳೆಸಿತು. ಚೆಂಡು ಮೊದಲಿಗಿಂತ ಎತ್ತರಕ್ಕೆ ಪುಟಿಯತೊಡಗಿತು, ರಿಟರ್ನ್ ಮಾಡುವವನಿಗೆ ಅರೆಗಳಿಗೆ ಹೆಚ್ಚು ಸಿಕ್ಕಿತು. ಆ ವರ್ಷವೇ ನಾಲ್ಕನೇ ಸುತ್ತಿನಲ್ಲಿ 19ರ ಫೆಡರರ್ ಐದು ಸೆಟ್‌ಗಳಲ್ಲಿ ಸಾಂಪ್ರಸ್ ಅವರನ್ನು ಸೋಲಿಸಿದರು. ಮರುವರ್ಷ 145ನೇ ಕ್ರಮಾಂಕದ ಜಾರ್ಜ್ ಬಾಸ್ಟಲ್, ಸೆಂಟರ್ ಕೋರ್ಟ್‌ನಲ್ಲೂ ಅಲ್ಲ, ಎರಡನೇ ಅಂಕಣದಲ್ಲಿ ಸೋಲಿಸಿದರು.

ಎರಡು ವರ್ಷಕ್ಕೂ ಮಿಕ್ಕಿ ಸಾಂಪ್ರಸ್ ಒಂದೂ ಪ್ರಶಸ್ತಿ ಗೆದ್ದಿರಲಿಲ್ಲ. 2002ರ ಅಮೆರಿಕ ಓಪನ್‌ನಲ್ಲಿ ಅವರಿಗೆ ಸೋತ ಗ್ರೆಗ್ ರುಸೆಡ್‌ಸ್ಕಿ, ಇವರು ಈಗ ಒಂದೂವರೆ ಹೆಜ್ಜೆ ನಿಧಾನವಾಗಿದ್ದಾರೆ ಎಂದರು. ಮಾತಿನಲ್ಲಿ ಸುಳ್ಳಿರಲಿಲ್ಲ. ಸಾಂಪ್ರಸ್ ಆ ಒಂದೂವರೆ ಹೆಜ್ಜೆಯನ್ನು ಇಟ್ಟುಕೊಂಡೇ ಫೈನಲ್ ತಲುಪಿ, ಆ್ಯಂಡ್ರೆ ಅಗಾಸಿಯನ್ನು ಸೋಲಿಸಿ 14ನೇ ಗ್ರ್ಯಾನ್‌ಸ್ಲಾಮ್ ಗೆದ್ದರು. ಮತ್ತೆಂದೂ ಟೂರ್ ಪಂದ್ಯ ಆಡಲಿಲ್ಲ. ಹೀಗೆ ಗೆದ್ದು ಎದ್ದುಹೋಗುವ ಭಾಗ್ಯ ಬಹಳ ಮಂದಿಗೆ ಸಿಕ್ಕಿಲ್ಲ.

ಸೆರೆನಾ ವಿಲಿಯಮ್ಸ್ ಅವರಿಗೆ ಸಿಗಲಿಲ್ಲ. 2015ರಲ್ಲಿ ವರ್ಷದ ಮೊದಲ ಮೂರು ಗ್ರ್ಯಾನ್‌ಸ್ಲಾಮ್ ಗೆದ್ದು, 1988ರಲ್ಲಿ ಸ್ಟೆಫಿ ಗ್ರಾಫ್ ಮಾಡಿದಂತೆ ಒಂದೇ ವರ್ಷ ನಾಲ್ಕನ್ನೂ ಗೆಲ್ಲಲು ಎರಡು ಪಂದ್ಯ ಬಾಕಿ ಇದ್ದಾಗ, ಅಮೆರಿಕ ಓಪನ್ ಸೆಮಿಫೈನಲ್‌ನಲ್ಲಿ ಇಟಲಿಯ ಶ್ರೇಯಾಂಕರಹಿತ ಆಟಗಾರ್ತಿ ರಾಬರ್ಟಾ ವಿಂಚಿ ಎದುರು ಮೊದಲ ಸೆಟ್ ಗೆದ್ದೂ ಸೋತರು. ಚೆಂಡನ್ನು ಅಂಕಣದೊಳಗೆ ಹಾಕು, ಯೋಚಿಸಬೇಡ, ಓಡು ಎಂದಷ್ಟೇ ತನಗೆ ತಾನು ಹೇಳಿಕೊಳ್ಳುತ್ತಿದ್ದೆ ಎಂದು ವಿಂಚಿ ಆಮೇಲೆ ವಿವರಿಸಿದರು. ಯೋಚಿಸುವ ಭಾರ ಪೂರ್ತಿಯಾಗಿ ಸೆರೆನಾ ಮೇಲಿತ್ತು. ಗರ್ಭಿಣಿಯಾಗಿದ್ದಾಗಲೇ 2017ರ ಆಸ್ಟ್ರೇಲಿಯಾ ಓಪನ್ ಗೆದ್ದು 23ನೇ ಗ್ರ್ಯಾನ್‌ಸ್ಲಾಮ್ ಮುಡಿಗೇರಿಸಿಕೊಂಡ ಅವರು, ಜೀವಕ್ಕೇ ಅಪಾಯ ತಂದಿದ್ದ ಹೆರಿಗೆಯ ನಂತರ ಮರಳಿ, ಮಾರ್ಗರೆಟ್ ಕೋರ್ಟ್ ಅವರ 24ರ ದಾಖಲೆಗಾಗಿ ನಾಲ್ಕು ಫೈನಲ್ ಆಡಿದರು. ಎದುರಾದವರು ಕೆರ್ಬರ್, ಒಸಾಕಾ, ಹಲೆಪ್, ಆಂಡ್ರೆಸ್ಕೂ. ನಾಲ್ಕರಲ್ಲಿ ಒಂದು ಸೆಟ್ ಕೂಡ ದಕ್ಕಲಿಲ್ಲ. ಫೈನಲ್‌ವರೆಗೆ ಎಲ್ಲರನ್ನೂ ಸೋಲಿಸಿಕೊಂಡು ಬಂದವರು ಅವರೇ, ಮೂವತ್ತಾರು–ಮೂವತ್ತೇಳರ ತಾಯಿ. ಕೊನೆಯ ಪಂದ್ಯದಲ್ಲಿ ಮಾತ್ರ 24 ಎಂಬ ಸಂಖ್ಯೆ ನೆಟ್ಟಿನ ಆಚೆ ಬದಿಗೆ ಹೋಗಿ ನಿಂತುಬಿಡುತ್ತಿತ್ತು.

ಇಳಿಗಾಲ ಒಂದೇ ಸಮನೆ ಇಳಿಯುವುದಿಲ್ಲ ಎನ್ನುವುದನ್ನು ಮರೆತಾಗಲೇ ವಿಮರ್ಶಕರು ಎಡವುವುದು. ಮಾರ್ಟಿನಾ ನವ್ರಾಟಿಲೋವಾ ಎದುರು ಸತತ 13 ಬಾರಿ ಸೋತಿದ್ದ ಕ್ರಿಸ್ ಎವರ್ಟ್, ಗ್ರಾಫೈಟ್ ರ‍್ಯಾಕೆಟ್ ಹಿಡಿದು, ವ್ಯಾಯಾಮಕ್ಕೆ ಬಿದ್ದು, 1985ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಅವರನ್ನೇ ಸೋಲಿಸಿದರು. ಅಗಾಸಿ 1997ರ ನವೆಂಬರ್‌ನಲ್ಲಿ 141ನೇ ಸ್ಥಾನಕ್ಕೆ ಕುಸಿದು 1999ರಲ್ಲಿ ಅಗ್ರಸ್ಥಾನಕ್ಕೆ ಮರಳಿದರು. ಫೆಡರರ್ 2013ರ ವಿಂಬಲ್ಡನ್‌ನಲ್ಲಿ 116ನೇ ಕ್ರಮಾಂಕದ ಸೆರ್ಗಿ ಸ್ಟಾಖೋವ್‌ಸ್ಕಿಗೆ ಎರಡನೇ ಸುತ್ತಿನಲ್ಲೇ ಸೋತ ಮೇಲೆ, 90 ಚದರ ಅಂಗುಲದ ಹಳೆಯ ರ‍್ಯಾಕೆಟ್ ಬಿಟ್ಟು 2014ರಲ್ಲಿ 97ರ ರ‍್ಯಾಕೆಟ್ ಹಿಡಿದರು. ತನ್ನನ್ನು ಮೇಲೆತ್ತಿದ ಸಾಧನವನ್ನೇ 32ರ ಹರೆಯದಲ್ಲಿ ಕೈಬಿಡಲು ಎಂಥ ಧೈರ್ಯ ಬೇಕು! ದೊಡ್ಡ ರ‍್ಯಾಕೆಟ್ಟಿನಲ್ಲಿ ಬ್ಯಾಕ್‌ಹ್ಯಾಂಡ್ ಚೆಂಡನ್ನು ಏಳುವ ಮೊದಲೇ ಹೊಡೆಯಲು ಕಲಿತರು. 2017ರ ಆಸ್ಟ್ರೇಲಿಯಾ ಓಪನ್ ಫೈನಲ್‌ನ ಐದನೇ ಸೆಟ್‌ನಲ್ಲಿ 1–3 ಹಿಂದಿದ್ದು ನಡಾಲ್ ಅವರನ್ನು ಸೋಲಿಸಿದ್ದು ಅದೇ ಬ್ಯಾಕ್‌ಹ್ಯಾಂಡ್‌ನಿಂದ. 2007ರ ಕೊನೆಗೆ ಅವರಲ್ಲಿದ್ದ ಗ್ರ್ಯಾನ್‌ಸ್ಲಾಮ್ 12. ಉಳಿದ ಎಂಟೂ ಬಂದದ್ದು ‘ಇನ್ನು ಮುಗಿಯಿತು’ ಎಂದು ಜನ ಮಾತಾಡಿಕೊಂಡ ವರ್ಷಗಳಲ್ಲಿ. ಒಂಬತ್ತನೆಯದೂ ಬರಬಹುದಿತ್ತು. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಜೊಕೊವಿಚ್‌ಗಿಂತ 14 ಪಾಯಿಂಟ್ ಹೆಚ್ಚು ಗೆದ್ದು, 218–204, ಸರ್ವ್‌ನಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ ಹಿಡಿದುಕೊಂಡಿದ್ದೂ ಸೋತರು. ಮೂರು ಟೈಬ್ರೇಕರ್ ಆದವು, ಮೂರನ್ನೂ ಜೊಕೊವಿಚ್ ಗೆದ್ದರು. ನೂರಕ್ಕೆ 51.7 ಸಾಲದಾಯಿತು.

ಜೊಕೊವಿಚ್ ಕೂಡ ಒಮ್ಮೆ ಬಿದ್ದು ಎದ್ದವರೇ. 2016ರ ಜೂನ್‌ನಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್ ಏಕಕಾಲಕ್ಕೆ ಅವರ ಬಳಿ ಇದ್ದವು. ಮುಂದಿನ ತಿಂಗಳೇ ವಿಂಬಲ್ಡನ್ ಮೂರನೇ ಸುತ್ತಿನಲ್ಲಿ ಸ್ಯಾಮ್ ಕ್ವೆರಿಗೆ ಸೋತರು. ಆಮೇಲೆ ಮೊಣಕೈ ನೋವು, ಶಸ್ತ್ರಚಿಕಿತ್ಸೆ, ಕೋಚ್‌ಗಳ ಬದಲಾವಣೆ. 2018ರಲ್ಲಿ 22ನೇ ಸ್ಥಾನಕ್ಕೆ ಇಳಿದವರು ಅದೇ ವರ್ಷ ವಿಂಬಲ್ಡನ್, ಅಮೆರಿಕ ಓಪನ್ ಗೆದ್ದು ಅಗ್ರಸ್ಥಾನದಲ್ಲಿ ವರ್ಷ ಮುಗಿಸಿದರು. ಈಗಿನ ಇಳಿತ ಹಾಗಲ್ಲ, ಅದು ವಯಸ್ಸಿನದು. 2024ರ ಆಸ್ಟ್ರೇಲಿಯಾ ಓಪನ್ ಸೆಮಿಫೈನಲ್‌ನಲ್ಲಿ ಯಾನಿಕ್ ಸಿನ್ನರ್ ಎದುರು ನಾಲ್ಕು ಸೆಟ್ ಆಡಿಯೂ ಅವರಿಗೆ ಒಂದೇ ಒಂದು ಬ್ರೇಕ್ ಪಾಯಿಂಟ್ ಸಿಗಲಿಲ್ಲ. ಜಗತ್ತಿನ ಅತಿ ಶ್ರೇಷ್ಠ ರಿಟರ್ನ್ ಆಟಗಾರನಿಗೆ ಪೂರ್ತಿ ಆಡಿದ ಗ್ರ್ಯಾನ್‌ಸ್ಲಾಮ್ ಪಂದ್ಯವೊಂದರಲ್ಲಿ ಹಾಗಾದದ್ದು ಅದೇ ಮೊದಲು. ಆರು ತಿಂಗಳ ನಂತರ, ಮಂಡಿಯ ಶಸ್ತ್ರಚಿಕಿತ್ಸೆಯನ್ನೂ ದಾಟಿ ಬಂದು, ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕಾರ್ಲೊಸ್ ಅಲ್ಕರಾಜ್ ಅವರನ್ನು ಎರಡು ಟೈಬ್ರೇಕರ್‌ಗಳಲ್ಲಿ ಸೋಲಿಸಿ 37ನೇ ವಯಸ್ಸಿನಲ್ಲಿ ಚಿನ್ನ ಗೆದ್ದರು. ಅದು ಮೂರು ಸೆಟ್‌ಗಳ ಪಂದ್ಯ ಎಂಬುದು ಗಮನಿಸಬೇಕಾದ ಸಂಗತಿ. 2025ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳ ಸೆಮಿಫೈನಲ್ ತಲುಪಿ ನಾಲ್ಕರಲ್ಲೂ ಅಲ್ಲೇ ನಿಂತರು. ನ್ಯೂಯಾರ್ಕ್‌ನಲ್ಲಿ ಅಲ್ಕರಾಜ್‌ಗೆ ಸೋತ ಮೇಲೆ, ಎರಡು ಸೆಟ್‌ವರೆಗೆ ಮೈಯಲ್ಲಿ ಶಕ್ತಿ ಇತ್ತು, ಆಮೇಲೆ ಬರಿದಾಯಿತು ಎಂದು ಒಪ್ಪಿಕೊಂಡರು. ಡಬಲ್ಸ್‌ನಲ್ಲಾದರೆ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದು ಅಗ್ರಸ್ಥಾನಕ್ಕೇರಿದರು. ಅಲ್ಲಿ ಓಡಬೇಕಾದ ನೆಲ ಅರ್ಧ, ರ‍್ಯಾಲಿಗಳು ಚಿಕ್ಕವು. ಸಿಂಗಲ್ಸ್‌ನ ಐದು ಸೆಟ್ ಯಾರಿಗೂ ಆ ರಿಯಾಯಿತಿ ಕೊಡುವುದಿಲ್ಲ.

2024 ಮತ್ತು 2025ರ ಎಂಟು ಗ್ರ್ಯಾನ್‌ಸ್ಲಾಮ್‌ಗಳನ್ನು ಸಿನ್ನರ್ ಮತ್ತು ಅಲ್ಕರಾಜ್ ತಲಾ ನಾಲ್ಕರಂತೆ ಹಂಚಿಕೊಂಡಿದ್ದಾರೆ. ಇಂದು ಅವರಿಬ್ಬರ ಹೆಸರಿಗೇ ಎದುರಾಳಿಗಳ ಕೈ ನಡುಗುತ್ತದೆ. ಅವರ ಸರದಿಯೂ ಬರುತ್ತದೆ. ಅದು ಯಾವಾಗ ಎಂದು ತಿಳಿಯಬೇಕೆನ್ನುವ ಓದುಗರು ಫೈನಲ್‌ಗಳಿಗಾಗಿ ಕಾಯಬೇಕಿಲ್ಲ. ಇಂಡಿಯನ್ ವೆಲ್ಸ್, ಮಯಾಮಿ, ರೋಮ್‌ಗಳಲ್ಲಿ ಮೊದಲ ವಾರದ ಫಲಿತಾಂಶಗಳನ್ನು ನೋಡುತ್ತಿರಿ. ಗೆದ್ದರೋ ಸೋತರೋ ಎಂಬುದಕ್ಕಿಂತ, ಸಿಕ್ಕ ಬ್ರೇಕ್ ಪಾಯಿಂಟ್ ಎಷ್ಟು, ದಕ್ಕಿಸಿಕೊಂಡದ್ದು ಎಷ್ಟು ಎಂಬ ಕಾಲಂ ಮೇಲೆ ಕಣ್ಣಿಡಿ.